ಆ ಕೆಂಪು ಗೆರೆಯನ್ನು ಅಳಿಸಿ

ಇವರಿಗೆ,
ಲಸಿಕಾ ಕಾರ್ಯಕ್ರಮದ ಹೊಣೆ ಹೊತ್ತ ಆರೋಗ್ಯಾಧಿಕಾರಿಗಳು ಹಾಗೂ ವೈದ್ಯಕೀಯ, ದಂತವೈದ್ಯಕೀಯ ಮತ್ತು ಶುಶ್ರೂಷಾ ಕಾಲೇಜುಗಳ ಪ್ರಾಂಶುಪಾಲರು

ವಿಷಯ: ಶೈಶವದಲ್ಲಿ ಹಾಕಿಸಿದ ಹೆಪಟೈಟಿಸ್ ಬಿ ಲಸಿಕೆಯ ಫಲವನ್ನು ಹದಿನೆಂಟು ವರ್ಷಗಳ ನಂತರದ ಒಂದು ರಕ್ತಪರೀಕ್ಷೆಯಿಂದ ಅಳೆಯುತ್ತಿರುವ ಕುರಿತು

ಮಾನ್ಯರೇ,

ಶಿಶುಗಳ ತೊಡೆಗೆ ಲಸಿಕೆ ಚುಚ್ಚುತ್ತ ಇಪ್ಪತ್ತೆರಡು ವರ್ಷ ಕಳೆದವಳು ನಾನು. ಈಗ ಶುಶ್ರೂಷೆ ಕಲಿಸುತ್ತೇನೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಆರೋಗ್ಯ ಕಡತಗಳನ್ನು ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂದಿದೆ. ಒಂದು ಕಾಲದಲ್ಲಿ ನನ್ನ ಸೂಜಿಗೆ ಅತ್ತ ಶಿಶುಗಳ ಓರಗೆಯವರೇ ಈಗ ಸಮವಸ್ತ್ರ ತೊಟ್ಟು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ.

ಹೋದ ವರ್ಷ ಹಾಗೆ ಬಂದು ನಿಂತ ಹುಡುಗಿಯೊಬ್ಬಳ ಕೈಯಲ್ಲಿ ನಾಲ್ಕಾಗಿ ಮಡಿಸಿದ ಪ್ರಯೋಗಾಲಯದ ವರದಿ ಇತ್ತು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಾಣುವಿನ ವಿರುದ್ಧ ದೇಹ ತಯಾರಿಸಿ ರಕ್ತಕ್ಕೆ ಬಿಡುವ ರಕ್ಷಕ ವಸ್ತುವಿನ, ಅಂದರೆ ಪ್ರತಿಕಾಯದ, ಪ್ರಮಾಣ 3.8. ಅದರ ಪಕ್ಕದಲ್ಲೇ, 10ಕ್ಕಿಂತ ಕಡಿಮೆಯಿದ್ದರೆ ರಕ್ಷಣೆ ಇಲ್ಲ ಎಂದು ಅಚ್ಚಾಗಿತ್ತು. ಯಾರೋ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ‘ಲಸಿಕೆ ವಿಫಲ’ ಎಂದು ಷರಾ ಬರೆದಿದ್ದರು. ಅವಳನ್ನು ವಾರ್ಡಿಗೆ ಕಳುಹಿಸಬಾರದೆಂದು ಮೌಖಿಕ ಆದೇಶವಾಗಿತ್ತು. ಬಾಲ್ಯದಲ್ಲಿ ಲಸಿಕೆ ಹಾಕಿಸಿದ್ದೇ ಸುಳ್ಳಿರಬೇಕೆಂಬ ಮಾತೂ ಅವಳ ಕಿವಿಗೆ ಬಿದ್ದಿತ್ತು.

ಮರುದಿನ ಅವಳ ತಾಯಿ ಬಂದರು. ಮಗಳ ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಹದಿನೆಂಟು ವರ್ಷ ಕಾಪಾಡಿದ್ದರು. ಮಡಿಕೆಯಲ್ಲಿ ಹರಿದ ಕಡೆ ಟೇಪು ಅಂಟಿಸಿದ್ದರು, ಆ ಟೇಪೂ ಹಳದಿಯಾಗಿತ್ತು. ಹುಟ್ಟಿದ ದಿನದ ಡೋಸ್, ಆಮೇಲಿನ ಮೂರು, ಎಲ್ಲಕ್ಕೂ ದಿನಾಂಕವಿತ್ತು. “ಒಂದನ್ನೂ ತಪ್ಪಿಸಿಲ್ಲ ಸಿಸ್ಟರ್. ಜ್ವರ ಬಂದು ರಾತ್ರಿಯೆಲ್ಲ ಅತ್ತರೂ ಮುಂದಿನ ಬಾರಿ ಮತ್ತೆ ಎತ್ತಿಕೊಂಡು ಹೋಗಿದ್ದೇನೆ” ಎಂದರು. ತಪ್ಪಿತಸ್ಥರು ವಿಚಾರಣೆಯಲ್ಲಿ ಮಾತಾಡುವ ದನಿ ಅದು. ಮಾಡಬೇಕಾದ್ದನ್ನೆಲ್ಲ ಮಾಡಿದ ಹೆಂಗಸು ಹಾಗೆ ಮಾತಾಡಬೇಕಾಗಿ ಬಂದದ್ದು ನನ್ನನ್ನು ಚುಚ್ಚಿತು. ಅದಕ್ಕಾಗಿ ಈ ಪತ್ರ.

10 ಎಂಬ ಗಡಿ ಏನನ್ನು ಹೇಳುತ್ತದೆ ಎಂಬಲ್ಲಿಂದಲೇ ಶುರುಮಾಡುತ್ತೇನೆ. ಲಸಿಕೆಯ ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷಿಸಿದಾಗ ಪ್ರತಿ ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚು ಪ್ರತಿಕಾಯ ಕಂಡರೆ, ಆ ದೇಹ ಲಸಿಕೆಗೆ ಓಗೊಟ್ಟಿದೆ ಎಂದು ತಿಳಿಯುತ್ತೇವೆ. ಆರೋಗ್ಯವಂತ ಶಿಶುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಈ ಗಡಿ ದಾಟುತ್ತಾರೆ. ಪರೀಕ್ಷೆಯ ಈ ಅರ್ಥ ಆ ಒಂದೆರಡು ತಿಂಗಳಿಗೆ ಕಟ್ಟುಬಿದ್ದಿದೆ. ಅದೇ ಅಳತೆಗೋಲನ್ನು ಹದಿನೆಂಟು ವರ್ಷಗಳ ಬಳಿಕ ಹಿಡಿದು, ಅದೇ ತೀರ್ಪು ಕೊಡಲು ಬರುವುದಿಲ್ಲ. ಎದುರಾಳಿಯೇ ಬಾರದಿರುವಾಗ ದೇಹ ವರ್ಷಾನುಗಟ್ಟಲೆ ಪ್ರತಿಕಾಯ ತಯಾರಿಸುತ್ತ ಕೂರುವುದಿಲ್ಲ, ಅಂಕಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದೂ ಗುಟ್ಟಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2018ರಲ್ಲಿ ಹೊರತಂದ ಶಿಫಾರಸುಗಳಲ್ಲಿ ಕೊಟ್ಟಿರುವ ಲೆಕ್ಕ ಹೀಗಿದೆ: ವರ್ಷ ತುಂಬುವ ಮೊದಲೇ ಲಸಿಕೆ ಪಡೆದವರಲ್ಲಿ, ಸುಮಾರು 18 ವರ್ಷಗಳ ನಂತರ, ನೂರಕ್ಕೆ 16 ಮಂದಿಯಲ್ಲಿ ಮಾತ್ರ ಪ್ರತಿಕಾಯ 10ರ ಮೇಲಿತ್ತು. ವರ್ಷ ತುಂಬಿದ ಮೇಲೆ ಪಡೆದವರಲ್ಲಿ 74 ಮಂದಿಯಲ್ಲಿ ಇತ್ತು.

ಅಂದರೆ ಹುಟ್ಟಿದ ತಕ್ಷಣ, ಅತಿ ಅಗತ್ಯವಾದ ಹೊತ್ತಿನಲ್ಲೇ, ಲಸಿಕೆ ಪಡೆದ ಮಕ್ಕಳೇ ಪ್ರವೇಶದ ವೇಳೆಯ ನಿಮ್ಮ ರಕ್ತಪರೀಕ್ಷೆಯಲ್ಲಿ ಹೆಚ್ಚಾಗಿ ‘ವಿಫಲ’ರಾಗುತ್ತಾರೆ. ನನ್ನ ವಿದ್ಯಾರ್ಥಿನಿಯ 3.8 ಅಪರೂಪದ ಅಂಕಿಯಲ್ಲ, ಅವಳ ತರಗತಿಯ ಬಹುಪಾಲು ಮಂದಿಯ ಅಂಕಿ ಅದರ ಆಸುಪಾಸಿನಲ್ಲೇ ಇತ್ತು. ಅವರ ಪಾಲಿಗೆ ಕೆಂಪು ಶಾಯಿ ಬರಲಿಲ್ಲ, ಅಷ್ಟೇ. ಆ ದಿನ ಪೆನ್ನು ಯಾರ ಕೈಯಲ್ಲಿತ್ತೋ!

ಈಜು ಬಲ್ಲವನ ಮೈ ಸದಾ ಒದ್ದೆಯಾಗಿರುವುದಿಲ್ಲ. ಮುಟ್ಟಿ ನೋಡಿ, ಮೈ ಒಣಗಿದೆ, ಆದ್ದರಿಂದ ಇವನಿಗೆ ಈಜು ಮರೆತಿದೆ ಎಂದು ಬರೆದರೆ ನಗುತ್ತೇವೆ. ರಕ್ತದಲ್ಲಿ ಅಳೆಯುವ ಪ್ರತಿಕಾಯ ಆ ಒದ್ದೆ. ಈಜು ಉಳಿದಿರುವುದು ಸ್ಮರಣ ಕೋಶಗಳಲ್ಲಿ, ಅಂದರೆ ಎದುರಾಳಿಯ ಗುರುತನ್ನು ನೆನಪಿಟ್ಟುಕೊಂಡಿರುವ ಜೀವಕೋಶಗಳಲ್ಲಿ. ಸಾಮಾನ್ಯ ಪ್ರಯೋಗಾಲಯದ ಯಂತ್ರ ಅವನ್ನು ಎಣಿಸುವುದಿಲ್ಲ. ಈ ವೈರಾಣುವಿನ ಮಟ್ಟಿಗೆ ಸ್ಮರಣೆ ಸಾಕಾಗುವುದಕ್ಕೆ ಕಾರಣವೂ ಇದೆ. ಹೆಪಟೈಟಿಸ್ ಬಿ ಆತುರದ ವೈರಾಣುವಲ್ಲ. ಒಳಹೊಕ್ಕ ದಿನದಿಂದ ಕಾಮಾಲೆ ಕಾಣಿಸಿಕೊಳ್ಳುವವರೆಗೆ ಸರಾಸರಿ ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಸ್ಮರಣ ಕೋಶಗಳು ಎಚ್ಚೆತ್ತು ಹೊಸ ಪ್ರತಿಕಾಯವನ್ನು ರಕ್ತಕ್ಕೆ ಸುರಿಯಲು ಕೆಲವು ದಿನಗಳು ಸಾಕು. ಹೆಚ್ಚಿನವರಲ್ಲಿ ಈ ಓಟವನ್ನು ದೇಹವೇ ಗೆಲ್ಲುತ್ತದೆ.

ಇದು ಪಠ್ಯಪುಸ್ತಕದ ಸಮಾಧಾನ ಮಾತ್ರವಲ್ಲ, ದಶಕಗಳ ಕಾಲ ಜನರನ್ನು ಹಿಂಬಾಲಿಸಿ ನೋಡಿದ್ದಾರೆ. ಅಲಾಸ್ಕಾದ ಮೂಲನಿವಾಸಿ ಸಮುದಾಯಗಳಲ್ಲಿ 1981ರಲ್ಲಿ 1,578 ಮಂದಿಗೆ ಲಸಿಕೆ ಹಾಕಲಾಯಿತು. ಮೂವತ್ತು ವರ್ಷಗಳ ನಂತರ ಅವರಲ್ಲಿ ಒಂದು ಗುಂಪನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಪ್ರತಿಕಾಯ ಇನ್ನೂ 10ರ ಮೇಲಿತ್ತು. ಕೆಳಗಿಳಿದವರಿಗೆ ಒಂದೇ ಒಂದು ಡೋಸ್ ಕೊಟ್ಟರೆ ನೂರಕ್ಕೆ 88 ಮಂದಿಯಲ್ಲಿ ಅದು ತಿಂಗಳೊಳಗೆ ಮತ್ತೆ ಏರಿತು. ಎರಡನ್ನೂ ಕೂಡಿಸಿದರೆ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ರಕ್ಷಣೆಯ ಕುರುಹು. ಆದರೆ ಆ ಅಧ್ಯಯನಕ್ಕೆ ಸೇರಿದವರೆಲ್ಲ ಆರು ತಿಂಗಳು ದಾಟಿದವರು, ಪಡೆದದ್ದು ರಕ್ತದ ಪ್ಲಾಸ್ಮಾದಿಂದ ತಯಾರಿಸಿದ ಅಂದಿನ ಲಸಿಕೆ. ಹುಟ್ಟಿದ ದಿನವೇ, ಈಗಿನ ಯೀಸ್ಟ್ ಆಧಾರಿತ ಲಸಿಕೆ ಪಡೆದ ಮಗುವಿಗೆ ಆ ಅಂಕಿಗಳನ್ನು ಹಾಗೆಯೇ ಅಂಟಿಸಬಾರದು. ನನ್ನ ವಾದಕ್ಕೆ ಒದಗುತ್ತದೆಂದು ಈ ವ್ಯತ್ಯಾಸವನ್ನು ಮುಚ್ಚಿಟ್ಟರೆ, ಕೆಂಪು ಗೆರೆ ಎಳೆದವರಿಗೂ ನನಗೂ ಹೆಚ್ಚು ದೂರ ಉಳಿಯುವುದಿಲ್ಲ.

ಶಿಶುಗಳ ಮಾತು ಬಂದರೆ ತೈವಾನಿನತ್ತ ನೋಡಬೇಕು. ಅಲ್ಲಿ 1984ರಲ್ಲಿ ಸೋಂಕಿತ ತಾಯಂದಿರ ಮಕ್ಕಳಿಗೆ, 1986ರಿಂದ ಎಲ್ಲ ನವಜಾತ ಶಿಶುಗಳಿಗೆ ಲಸಿಕೆ ಶುರುವಾಯಿತು. ತೈಪೆಯಲ್ಲಿ ಮಕ್ಕಳ ಪೈಕಿ ನೂರಕ್ಕೆ ಸುಮಾರು 10ರಷ್ಟಿದ್ದ ಸೋಂಕು ಹದಿನೈದು ವರ್ಷಗಳಲ್ಲಿ 1ಕ್ಕಿಂತ ಕೆಳಗಿಳಿಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಬಂತು. ಅಲ್ಲಿ ಮೊದಲು ಲಸಿಕೆ ಪಡೆದ ಶಿಶುಗಳು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲೂ ಹದಿಹರೆಯದ ಹೊತ್ತಿಗೆ ಪ್ರತಿಕಾಯ ಇಳಿದಿತ್ತು. ಹಾಗೆಂದು ಸೋಂಕು ಹಳೆಯ ಮಟ್ಟಕ್ಕೆ ಮರಳಿ ಬರಲಿಲ್ಲ.

ಲಸಿಕೆ ಪಡೆದವರಿಗೆ ವೈರಾಣು ತಾಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆಲವರ ರಕ್ತದಲ್ಲಿ ವೈರಾಣು ಬಂದು ಹೋದ ಹೆಜ್ಜೆಗುರುತು ಸಿಗುತ್ತದೆ. ಅವರಿಗೇ ತಿಳಿಯದಂತೆ ಬಂದು, ನೆಲೆಯೂರಲಾಗದೆ ಹೋಗಿರುತ್ತದೆ. ಲಸಿಕೆ ತಡೆಯಬೇಕಾದದ್ದು ನೆಲೆಯೂರುವುದನ್ನು. ಯಕೃತ್ತು ಗಟ್ಟಿಯಾಗಿ ಸಿರೋಸಿಸ್‌ಗೋ ಕ್ಯಾನ್ಸರಿಗೋ ತಿರುಗುವುದು ದಶಕಗಟ್ಟಲೆ ಒಳಗೇ ಉಳಿದ ಸೋಂಕಿನಿಂದ. ಲಸಿಕೆಯ ನಂತರವೂ ಹಾಗೆ ಉಳಿದ ಅಪರೂಪದ ಪ್ರಕರಣಗಳು ಬಹುತೇಕ ಸೋಂಕಿತ ತಾಯಂದಿರ ಮಕ್ಕಳಲ್ಲಿ ಕಂಡವು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇದನ್ನೆಲ್ಲ ತೂಗಿ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ 2017ರ ತನ್ನ ನಿಲುವಿನಲ್ಲಿ, ಪೂರ್ಣ ಲಸಿಕೆ ಪಡೆದ ಆರೋಗ್ಯವಂತರಿಗೆ ಸಾರ್ವತ್ರಿಕ ಕಾರ್ಯಕ್ರಮದಲ್ಲಿ ಬೂಸ್ಟರ್ ಬೇಕೆನ್ನಲು ಆಧಾರವಿಲ್ಲ ಎಂದಿತು. ಹೀಗಿರುವಾಗ ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳ ತಂದೆತಾಯಂದಿರನ್ನು ಹೆದರಿಸಿ ಪ್ರತಿಕಾಯ ಪರೀಕ್ಷೆಗೆ ಕಳುಹಿಸುವುದು, ಅಂಕಿ ಕಡಿಮೆ ಬಂತೆಂದು ಬೂಸ್ಟರ್ ಹಾಕಿಸುವುದು ಯಾರ ಒಳಿತಿಗೆ? ಡಯಾಲಿಸಿಸ್‌ನಲ್ಲಿರುವವರ ವಿಷಯ ಬೇರೆ. ಅವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, 10ರ ಕೆಳಗಿಳಿದರೆ ಡೋಸ್ ಕೊಡಬೇಕು. ಎಚ್‌ಐವಿ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದ ಇತರರ ಮೇಲೂ ಕಣ್ಣಿಡಬೇಕು.

ರಕ್ತ, ಸೂಜಿಗಳ ನಡುವೆ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳದ್ದೂ ಬೇರೆಯೇ ಲೆಕ್ಕ. ಅವರನ್ನು ಪರೀಕ್ಷಿಸಬೇಡಿ ಎಂದು ನಾನು ಕೇಳುತ್ತಿಲ್ಲ. ರಕ್ಷಣೆಯಿಲ್ಲದವನಿಗೆ ಸೋಂಕಿತ ರೋಗಿಯ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೆ ಇದೆ. ಒಣಗಿದ ರಕ್ತದ ಕಲೆಯಲ್ಲಿ ಈ ವೈರಾಣು ಏಳು ದಿನ ಬದುಕಬಲ್ಲದು. ಪರೀಕ್ಷೆ ಬೇಕು, ಆದರೆ ಅದರ ಮುಂದಿನ ಹೆಜ್ಜೆ ತಿಳಿದಿರಬೇಕು. ಕಾರ್ಡಿನಲ್ಲಿ ಪೂರ್ಣ ಲಸಿಕೆಯ ದಾಖಲೆ ಇದ್ದು ಅಂಕಿ 10ರ ಕೆಳಗಿದ್ದರೆ ಒಂದು ಡೋಸ್ ಕೊಟ್ಟು, ಒಂದೆರಡು ತಿಂಗಳು ಬಿಟ್ಟು ಮತ್ತೆ ಅಳೆಯಬೇಕು. ಏರಿದ್ದರೆ ಸ್ಮರಣೆ ಇದೆಯೆಂದು ಅರ್ಥ. ಅದನ್ನು ಬರೆದಿಟ್ಟು ಆ ಅಧ್ಯಾಯ ಮುಗಿಸಬಹುದು. ಏರದಿದ್ದರೆ ಇನ್ನೆರಡು ಡೋಸ್ ಕೊಟ್ಟು ಮತ್ತೊಮ್ಮೆ ಪರೀಕ್ಷೆ. ಆಗಲೂ ಏರದವರು ಕೆಲವರು ಇರುತ್ತಾರೆ. ಅವರಿಗೆ ಮೊದಲೇ ಸೋಂಕು ಇದೆಯೇ ಎಂದು ನೋಡಬೇಕು. ಇಲ್ಲವಾದರೆ, ಸೂಜಿ ಚುಚ್ಚಿದ ದಿನ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು, ಬೇಕಾಗುತ್ತದೆ ಎಂಬುದು ಅವರಿಗೂ ಅವರ ಮೇಲಿನವರಿಗೂ ಗೊತ್ತಿರಬೇಕು.

ನಾನು ನೋಡುತ್ತಿರುವುದು ಇದರ ತಲೆಕೆಳಗು. ಅಂಕಿ ಕಡಿಮೆ ಬಂದವರಿಗೆಲ್ಲ ಕಣ್ಣುಮುಚ್ಚಿ ಮೂರು ಡೋಸ್ ಹಾಕಿಸುತ್ತಾರೆ. ಮೂರನೆಯದು ಮುಗಿದ ಮೇಲೆ, ಅಂದರೆ ಅಂಕಿಗೆ ಬೆಲೆ ಬರುವ ಆ ಒಂದೆರಡು ತಿಂಗಳಲ್ಲಿ, ಯಾರೂ ರಕ್ತ ತೆಗೆಯುವುದಿಲ್ಲ. ಎರಡು ವರ್ಷ ಬಿಟ್ಟು ಇನ್ನಾವುದೋ ಅರ್ಜಿಗಾಗಿ ತೆಗೆಯುತ್ತಾರೆ, ಅಷ್ಟರಲ್ಲಿ ಕೆಲವರದ್ದು ಮತ್ತೆ ಇಳಿದಿರುತ್ತದೆ. ಮತ್ತೆ ಮೂರು! ಒಬ್ಬ ವಿದ್ಯಾರ್ಥಿಯ ಕಡತದಲ್ಲಿ ಹುಟ್ಟಿನಿಂದ ಈವರೆಗೆ ಹತ್ತು ಡೋಸ್ ಎಣಿಸಿದ್ದೇನೆ. ಅವನ ದೇಹ ಲಸಿಕೆಗೆ ಓಗೊಟ್ಟಿದೆಯೋ ಇಲ್ಲವೋ ಎಂಬ ಒಂದು ಸಾಲು ಮಾತ್ರ ಆ ಕಡತದಲ್ಲಿಲ್ಲ.

ಇನ್ನೊಂದು ಪ್ರಕರಣ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಂಟಿ-ಎಚ್‌ಬಿಎಸ್ ಎಂದರೆ ಪ್ರತಿಕಾಯ. ಎಚ್‌ಬಿಎಸ್‌ಎಜಿ ಎಂದರೆ ವೈರಾಣುವಿನ ಹೊರಕವಚದ ಭಾಗ. ಮೊದಲನೆಯದು ಪಾಸಿಟಿವ್ ಬಂದರೆ ನಿಟ್ಟುಸಿರು, ಎರಡನೆಯದು ಪಾಸಿಟಿವ್ ಬಂದರೆ ಆತಂಕ. ಅರ್ಜಿ ನಮೂನೆಯಲ್ಲಿ ಎರಡೂ ಒಂದರ ಕೆಳಗೊಂದು ಇರುತ್ತವೆ. ಡೋಸ್ ಹಾಕಿಸಿಕೊಂಡ ಐದನೆಯ ದಿನ ಒಬ್ಬ ಹುಡುಗನಿಗೆ ಪ್ರತಿಕಾಯದ ಬದಲು ಎಚ್‌ಬಿಎಸ್‌ಎಜಿ ಪರೀಕ್ಷೆ ಬರೆದುಕೊಟ್ಟರು. ಪಾಸಿಟಿವ್ ಬಂತು. ಲಸಿಕೆಯಲ್ಲಿ ಇರುವುದೇ ಆ ಕವಚದ ಭಾಗ, ಅದು ಹದಿನೆಂಟು ದಿನಗಳವರೆಗೂ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಇದನ್ನು ಹೇಳುವವರು ಯಾರೂ ಇರಲಿಲ್ಲ. ಆ ಹುಡುಗ ಹಾಸ್ಟೆಲಿನಲ್ಲಿ ತನ್ನ ತಟ್ಟೆ ಲೋಟವನ್ನು ತಾನೇ ಬೇರೆ ಇಟ್ಟುಕೊಂಡ. ಜೊತೆಯಲ್ಲಿ ಉಂಡರೆ ಹರಡುವ ರೋಗವೇ ಅಲ್ಲ ಇದು ಎಂಬುದನ್ನು ಆ ವರ್ಷವೇ ತರಗತಿಯಲ್ಲಿ ಕಲಿತಿದ್ದ, ಆದರೂ ಬೇರೆ ಇಟ್ಟುಕೊಂಡ. ಆರು ವಾರಗಳ ನಂತರದ ಪರೀಕ್ಷೆ ನೆಗೆಟಿವ್ ಬಂತು. ಅವನ ಕ್ಷಮೆ ಕೇಳಿದವರಿಲ್ಲ.

ಈಗ ನನ್ನದೇ ತಪ್ಪಿನ ಮಾತು. ಬೇರೆಯವರ ಕೆಂಪು ಶಾಯಿಯನ್ನಷ್ಟೇ ತೋರಿಸಿ ಕೂರಲು ಮನಸ್ಸು ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಹುಟ್ಟಿ ಕೆಲವೇ ಗಂಟೆಯಾದ ಮಗುವನ್ನು ಹೊದ್ದಿಸಿಕೊಂಡು ಬಂದ ಅಜ್ಜಿಗೆ “ಲಸಿಕೆ ದಿನ ಬನ್ನಿ” ಎಂದು ಹೇಳಿ ಕಳುಹಿಸಿದ್ದೇನೆ. ಒಮ್ಮೆಯಲ್ಲ, ಹಲವು ಬಾರಿ. ಹತ್ತು ಡೋಸಿನ ಬಾಟಲಿಯನ್ನು ಒಂದು ಮಗುವಿಗಾಗಿ ತೆರೆದರೆ ಉಳಿದ ಒಂಬತ್ತು ಹಾಳಾಗುತ್ತವೆ, ಲೆಕ್ಕ ಕೇಳುತ್ತಾರೆ ಎಂಬ ಭಯ. ಸರಿಯಾದ ತಂಪಿನಲ್ಲಿಟ್ಟರೆ ತೆರೆದ ಬಾಟಲಿಯನ್ನು 28 ದಿನಗಳವರೆಗೆ ಬಳಸಬಹುದೆಂಬ ನಿಯಮ ವಿಶ್ವ ಆರೋಗ್ಯ ಸಂಸ್ಥೆಯದೇ ಇದೆ. ನನಗೆ ಅದು ತಿಳಿದದ್ದು ತಡವಾಗಿ. ಆ ಮಕ್ಕಳಲ್ಲಿ ಯಾರ ತಾಯಿಗೆ ಸೋಂಕಿತ್ತು?

ಮಗುವಿನ ಭವಿಷ್ಯ ನಿರ್ಧಾರವಾಗುವುದು ಆ ಗಂಟೆಗಳಲ್ಲಿ. ಹುಟ್ಟುವಾಗ ಸೋಂಕು ತಗಲಿದ ಶಿಶುಗಳಲ್ಲಿ ನೂರಕ್ಕೆ 90 ಮಂದಿಯಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ಹಾಗೆ ಉಳಿಯುವುದು 5ಕ್ಕಿಂತಲೂ ಕಡಿಮೆ ಮಂದಿಯಲ್ಲಿ. 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನ ಈ ಸೋಂಕನ್ನು ಹೊತ್ತು ಬದುಕುತ್ತಿದ್ದರು, ಅದೇ ವರ್ಷ ಸುಮಾರು 11 ಲಕ್ಷ ಜನ ಇದರಿಂದ ಸತ್ತರು. ಆದರೂ 24 ಗಂಟೆಯೊಳಗೆ ಕೊಡಬೇಕಾದ ಮೊದಲ ಡೋಸ್ ಜಗತ್ತಿನ ಅರ್ಧದಷ್ಟು ಶಿಶುಗಳಿಗೂ ಸಿಗುತ್ತಿಲ್ಲ. ಹದಿನೆಂಟರ ಹುಡುಗಿಯ ಸ್ಮರಣ ಕೋಶಗಳನ್ನು ಅನುಮಾನಿಸುವ ವ್ಯವಸ್ಥೆಗೆ, ರಜೆಯ ದಿನ ಹುಟ್ಟಿದ ಮಗುವಿಗಾಗಿ ತೆರೆಯಬೇಕಾದ ಲಸಿಕೆ ಕೋಣೆಯ ಬೀಗದ ಕೈ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಬೀಗ ತೆಗೆದರೂ ಆಯಿತೆಂದಲ್ಲ. ಲಸಿಕೆಯ ಬಾಟಲಿ ಫ್ರಿಜ್ಜಿನ ಹಿಂಬದಿಗೆ ಒತ್ತಿಕೊಂಡು ಒಂದು ರಾತ್ರಿ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಅದರ ಸತ್ವ ಹೋಗಿರುತ್ತದೆ. ಅನುಮಾನ ಬಂದಾಗ ನಾವು ಬಾಟಲಿ ಅಲ್ಲಾಡಿಸಿ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಇನ್ನೊಂದರ ಪಕ್ಕದಲ್ಲಿಟ್ಟು ನೋಡುತ್ತೇವೆ. ಕೆಟ್ಟದ್ದು ಬೇಗ ತಳ ಕಚ್ಚುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ‘ಲಸಿಕೆ ವಿಫಲ’ ಎಂಬ ಷರಾ ಸಲ್ಲುವುದಿದ್ದರೆ ಅಂಥ ಬಾಟಲಿಗೆ ಸಲ್ಲಬೇಕು. ತೊಡೆಗೋ ತೋಳಿಗೋ ಕೊಡಬೇಕಾದ್ದನ್ನು ಪೃಷ್ಠಕ್ಕೆ ಚುಚ್ಚಿದ ನಮ್ಮಂಥವರ ಕೈಗೂ ಸಲ್ಲಬಹುದು.

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ಬಿನ್ನಹ: ಹೆರಿಗೆ ಎಲ್ಲಿ ಆಗುತ್ತದೆಯೋ ಅಲ್ಲಿ, ಹೆರಿಗೆ ಮಾಡಿಸುವವರ ಕೈಗೇ ಮೊದಲ ಡೋಸನ್ನು ಕೊಡಿ. ಹಗಲು, ರಾತ್ರಿ, ರಜೆ ಎನ್ನದೆ ಅದು ಸಿಗಲಿ. ತೆರೆದ ಬಾಟಲಿಯಲ್ಲಿ ಉಳಿದ ಡೋಸಿಗೆ ದಾದಿಯನ್ನು ದಂಡಿಸಬೇಡಿ. ಪ್ರತಿಯೊಬ್ಬ ಗರ್ಭಿಣಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆಯಾಗಲಿ. ಪಾಸಿಟಿವ್ ಬಂದ ತಾಯಿಯ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಸಿಗಲಿ. ಆ ಮಗುವನ್ನು ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮರೆಯದೆ ಕರೆಸಿ ಪರೀಕ್ಷಿಸಿ. ಮೊದಲು ಹೇಳಿದ ಅಪರೂಪದ ಪ್ರಕರಣಗಳು ಕೈತಪ್ಪುವುದು ಇಲ್ಲೇ. ಎಲ್ಲಕ್ಕೂ ಮುಖ್ಯವಾಗಿ, ಮಗುವಿನ ಲಸಿಕೆ ದಾಖಲೆ ತಾಯಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ನಂಬಿಕೊಂಡಿರಬಾರದು. ಹದಿನೆಂಟು ವರ್ಷಗಳ ಬಳಿಕವೂ ನಿಮ್ಮ ಕಚೇರಿಯಲ್ಲಿ ಸಿಗುವಂತಿರಲಿ.

ಪ್ರಾಂಶುಪಾಲರೇ, ತಾವು ಪ್ರವೇಶದ ವೇಳೆ ಪ್ರತಿಕಾಯದ ಅಂಕಿಗಿಂತ ಮೊದಲು ಕಾರ್ಡನ್ನು ಕೇಳಿ. ಒಂದು ಡೋಸ್, ಒಂದೆರಡು ತಿಂಗಳ ನಂತರದ ಪರೀಕ್ಷೆ ಎಂಬ ಕ್ರಮವನ್ನು ಲಿಖಿತವಾಗಿ ಹೊರಡಿಸಿ, ಪರೀಕ್ಷೆಯ ಹೆಸರನ್ನೂ ಪೂರ್ತಿ ಬರೆಯಿರಿ. ಫಲಿತಾಂಶದ ಪ್ರತಿಯನ್ನು ವಿದ್ಯಾರ್ಥಿಗೆ ಕೊಡಿ, ಮುಂದೆ ಎಲ್ಲಿ ಕೆಲಸಕ್ಕೆ ಹೋದರೂ ಅದು ಜೊತೆಗಿರಲಿ. ಪರೀಕ್ಷೆಯ ಫಲಿತಾಂಶವನ್ನು ಶಿಸ್ತುಕ್ರಮದಂತೆ ಬಳಸುವುದನ್ನು ದಯವಿಟ್ಟು ನಿಲ್ಲಿಸಿ.

ನನ್ನ ವಿದ್ಯಾರ್ಥಿನಿಗೆ ಒಂದು ಡೋಸ್ ಹಾಕಿಸಿ, ಐದು ವಾರ ಕಾದು ರಕ್ತ ಕಳುಹಿಸಿದೆವು. 640 ಬಂತು. ಈಗ ಅವಳು ಹೆರಿಗೆ ವಾರ್ಡಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಹೊಸ ವರದಿಯನ್ನು ಅವಳ ಕಡತದಲ್ಲಿ ಹಳೆಯದರ ಮೇಲೆ ಪಿನ್ ಮಾಡಿದ್ದೇನೆ, ಹಾಳೆ ಎತ್ತಿದರೆ ಕೆಳಗೆ ಆ ಕೆಂಪು ಗೆರೆಗಳು ಹಾಗೆಯೇ ಇವೆ. ಆ ಷರಾವನ್ನು ರದ್ದುಪಡಿಸಬೇಕೆಂದು ಎರಡು ಬಾರಿ ಬರೆದಿದ್ದೇನೆ. ಅದನ್ನು ಹೊಡೆದುಹಾಕುವ ಅಧಿಕಾರ ಯಾರಿಗಿದೆ ಎಂಬುದನ್ನಾದರೂ ತಿಳಿಸಿದರೆ, ಮೂರನೆಯ ಅರ್ಜಿಯನ್ನು ಅವರ ಹೆಸರಿಗೇ ಬರೆಯುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಶುಶ್ರೂಷಾ ಬೋಧಕಿ